ನೆರೆಮನೆಯ ನೆತ್ತರು, ನಮ್ಮ ಸೇನೆ

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಆಗ ಪೂರ್ವ ಪಾಕಿಸ್ತಾನವಾಗಿದ್ದ ಇಂದಿನ ಬಾಂಗ್ಲಾದೇಶದ ಢಾಕಾ ವಿಶ್ವವಿದ್ಯಾಲಯಕ್ಕೆ ನುಗ್ಗಿ ಕೊಲ್ಲಲು ಶುರುಮಾಡಿತು. ಮುಂದಿನ ತಿಂಗಳುಗಳಲ್ಲಿ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. ಪುಟ್ಟ ತ್ರಿಪುರಾದಲ್ಲಂತೂ ನಿರಾಶ್ರಿತರ ಸಂಖ್ಯೆ ಸ್ಥಳೀಯರ ಸಂಖ್ಯೆಯ ಹತ್ತಿರಕ್ಕೇ ಬಂದಿತ್ತು.

ಪಕ್ಕದ ದೇಶದಲ್ಲಿ ಇಂಥದ್ದು ನಡೆಯುವಾಗ ಯುದ್ಧಕ್ಕಿಳಿಯುವುದು ಧರ್ಮವೇ?

ಇಂದಿರಾ ಗಾಂಧಿ ಆತುರಪಡಲಿಲ್ಲ. ಪಾಕ್ ಸೇನೆಯ ವಿರುದ್ಧ ಹೋರಾಡುತ್ತಿದ್ದ ಬಂಗಾಳಿಗಳ ಮುಕ್ತಿವಾಹಿನಿಗೆ ತರಬೇತಿ ಕೊಡಿಸಿದರು, ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದವಾಯಿತು, ಮಳೆಗಾಲ ಮುಗಿಯಿತು. ಡಿಸೆಂಬರ್ 3ರಂದು ಪಾಕಿಸ್ತಾನವೇ ಭಾರತದ ವಾಯುನೆಲೆಗಳ ಮೇಲೆ ಬಾಂಬ್ ಹಾಕಿದ್ದರಿಂದ, ಕರುಣೆಯ ಜೊತೆಗೆ ಆತ್ಮರಕ್ಷಣೆಯ ವಾದವೂ ದೆಹಲಿಯ ಕೈಗೆ ಸಿಕ್ಕಿತು. ಪಾಕಿಸ್ತಾನ ಎರಡು ಹೋಳಾದರೆ ಭಾರತಕ್ಕೆ ಲಾಭವಿತ್ತೆಂಬುದೂ ಸುಳ್ಳಲ್ಲ. ಆದರೆ ಲಾಭವಿದ್ದ ಮಾತ್ರಕ್ಕೆ ಬದುಕುಳಿದವರ ಜೀವ ಅಗ್ಗವಾಗುವುದಿಲ್ಲವಲ್ಲ!

ಜಗತ್ತು ಹಾಗೆ ನೋಡಲಿಲ್ಲ. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ರಾಷ್ಟ್ರಗಳು ಕದನವಿರಾಮ ಮತ್ತು ಸೇನೆ ವಾಪಸಾತಿಯ ಪರ ಮತ ಹಾಕಿದವು. ವಿರೋಧಿಸಿದ್ದು ಭಾರತವೂ ಸೇರಿ ಹನ್ನೊಂದೇ. ಒಂಬತ್ತು ದಿನಗಳ ನಂತರ ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು; ಮರುವರ್ಷದ ಮಾರ್ಚ್‌ನಲ್ಲಿ ಭಾರತೀಯ ಪಡೆಗಳು ಮರಳಿದವು. ಹೋದವರು ಬೇಗ ಹಿಂತಿರುಗಿದ್ದೇ ಈ ಪ್ರಕರಣದ ದೊಡ್ಡ ಸಮರ್ಥನೆ.

ವಿಯೆಟ್ನಾಂ ಹಾಗೆ ಮಾಡಲಿಲ್ಲ. 1979ರ ಜನವರಿಯಲ್ಲಿ ಅದು ಕಾಂಬೋಡಿಯಾದ ಪೋಲ್ ಪಾಟ್ ಆಡಳಿತವನ್ನು ಉರುಳಿಸಿ ನರಮೇಧ ನಿಲ್ಲಿಸಿತು, ಆದರೆ ಹತ್ತು ವರ್ಷ ಅಲ್ಲೇ ಉಳಿಯಿತು. ಸೋತು ಕಾಡು ಸೇರಿದ ಪೋಲ್ ಪಾಟ್‌ನ ಸರ್ಕಾರದ ಪ್ರತಿನಿಧಿಯೇ ಆಮೇಲೂ ವರ್ಷಗಟ್ಟಲೆ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿಯಲ್ಲಿ ಕೂತಿದ್ದ.