ಬನ್ನಿ ಮರದ ನೆರಳು, ಎರ್ಲಡ್ಡು ಹಕ್ಕಿ ಮತ್ತು ನಾವಿಬ್ಬರು

ಮಾರ್ಚ್ ತಿಂಗಳ ಒಂದು ಶುಕ್ರವಾರ ನನ್ನ ಗಂಡ ಮಧ್ಯಾಹ್ನವೇ ಮನೆಗೆ ಬಂದ. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಇರಲಿಲ್ಲ. ‘ವಾಪಸ್ ಕೊಟ್ಟು ಬಂದೆ’ ಅಂದ. ಅವನ ತಂಡದ ಅರ್ಧಕ್ಕರ್ಧ ಜನರನ್ನು ಕಂಪನಿ ಅಂದೇ ಮನೆಗೆ ಕಳಿಸಿತ್ತು. ಕೈಗೆ ಎರಡು ತಿಂಗಳ ಸಂಬಳ ಕೊಟ್ಟಿದ್ದರು. ನಾನು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಏಪ್ರಿಲ್‌ನಲ್ಲಿ ನನಗೂ ಪಾಠವಿಲ್ಲ, ಸಂಬಳವೂ ಇಲ್ಲ.

ಆಮೇಲಿನ ಹತ್ತು ದಿನ ಕುಕ್ ಟೌನ್‌ನ ನಮ್ಮ ಬಾಡಿಗೆ ಮನೆಯಲ್ಲಿ ಕೇಳಿಸುತ್ತಿದ್ದುದು ಎರಡೇ ಸದ್ದು: ಅವನ ಮೊಬೈಲ್‌ನ ಇಮೇಲ್ ಟಿಂಗ್, ಬೆಂಗಳೂರು ಈಸ್ಟ್ ನಿಲ್ದಾಣದ ಕಡೆಯಿಂದ ಬರುವ ರೈಲಿನ ಕೂಗು. ಒಂದು ರಾತ್ರಿ ಅವನೇ ಕೇಳಿದ: ‘ಮರುಭೂಮಿ ನೋಡಬೇಕು ಅಂತಿದ್ದೆಯಲ್ಲ, ಹೋಗೋಣವಾ? ಕೆಲಸ ಸಿಕ್ಕರೆ ರಜೆ ಸಿಗಲ್ಲ.’ ಬಳ್ಳಾರಿ ಜಿಲ್ಲೆ ಸಿರುಗುಪ್ಪದ ಹತ್ತಿರದ ಹಳ್ಳಿಯಲ್ಲಿರುವ ಅತ್ತೆಗೆ ಫೋನ್‌ನಲ್ಲಿ ಹೇಳಿದಾಗ, ‘ಕೆಲ್ಸಿಲ್ಲದ ಹೊತ್ನಾಗ ಊರು ತಿರುಗಾಕ ಹೊಂಟೀರೇನು?’ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಹೊರಟೆವು.

ಕಾರು ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್. ದಾರಿ ರಾಷ್ಟ್ರೀಯ ಹೆದ್ದಾರಿ 48. ಚಿತ್ರದುರ್ಗ, ಹುಬ್ಬಳ್ಳಿ, ಕೊಲ್ಹಾಪುರ, ಪುಣೆ ದಾಟಿ ಗುಜರಾತ್, ಅಲ್ಲಿಂದ ರಾಜಸ್ಥಾನ. ಬಿಸಿಲಿಗೆ ಹೆದರಿ ಒಂದು ನಿಯಮ ಮಾಡಿಕೊಂಡಿದ್ದೆವು. ಬೆಳಿಗ್ಗೆ ಐದಕ್ಕೆ ಹೊರಡುವುದು, ಹನ್ನೊಂದಕ್ಕೆ ನೆರಳು ಸೇರುವುದು, ನಾಲ್ಕರ ನಂತರ ಮತ್ತೆ ಹೊರಡುವುದು.

ಗುಜರಾತ್‌ನಲ್ಲಿ ಮೊದಲು ಹೋಗಿದ್ದು ಭಾವನಗರ ಜಿಲ್ಲೆಯ ವೇಳಾವದರ್ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನಕ್ಕೆ. ಕೇವಲ 34 ಚದರ ಕಿಲೋಮೀಟರ್. ಕಾಡು ಎಂದರೆ ನಮಗೆ ಬಂಡೀಪುರ, ನಾಗರಹೊಳೆಯ ಮರಗಳು ನೆನಪಾಗುತ್ತವೆ. ಇಲ್ಲಿ ಕಣ್ಣು ಹಾಯಿಸಿದಷ್ಟೂ ಒಣಗಿದ ಹುಲ್ಲು. ಆ ಹುಲ್ಲಿನ ಮೇಲೆ ನೂರಾರು ಕೃಷ್ಣಮೃಗಗಳು ಸ್ಪ್ರಿಂಗ್ ಹಾಕಿದ ಹಾಗೆ ನೆಗೆಯುತ್ತಿದ್ದವು. ಮುಂದೆ ಲಿಟಲ್ ರಣ್ ಆಫ್ ಕಛ್. ಬಿರುಕು ಬಿಟ್ಟ ಉಪ್ಪು ನೆಲದಲ್ಲಿ ಕಂದುಬಣ್ಣದ ಕಾಡುಕತ್ತೆಗಳ ಹಿಂಡು. ಸುಮಾರು ಐದು ಸಾವಿರ ಚದರ ಕಿಲೋಮೀಟರ್‌ನ ಈ ಅಭಯಾರಣ್ಯವೇ ಭಾರತೀಯ ಕಾಡುಕತ್ತೆಗೆ ಉಳಿದಿರುವ ದೊಡ್ಡ ನೆಲೆ. ‘ಕತ್ತೆ ನೋಡಕ್ಕೆ ಇಷ್ಟು ದೂರ ಬಂದ್ವಾ’ ಎಂದು ನಕ್ಕೆವು. ಕೆಲಸದ ಮಾತು ಬಂದಿರಲಿಲ್ಲ.

ಅದು ಬಂದದ್ದು ಬಾಡ್ಮೇರ್‌ನಲ್ಲಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದವನು ಇಮೇಲ್ ನೋಡಿದ. ಎರಡು ಸುತ್ತಿನ ಸಂದರ್ಶನ ಮುಗಿಸಿ ಭರವಸೆ ಇಟ್ಟುಕೊಂಡಿದ್ದ ಕಂಪನಿ ‘ಈ ಬಾರಿ ಸಾಧ್ಯವಿಲ್ಲ’ ಎಂದಿತ್ತು. ನಾನು ಸಮಾಧಾನ ಹೇಳಲು ಹೋಗಿ, ‘ವಾಪಸ್ ಹೋಗೋಣ ಬಿಡು, ದುಡ್ಡಾದರೂ ಉಳಿಯುತ್ತೆ’ ಅಂದುಬಿಟ್ಟೆ. ‘ಅಂದರೆ ನಾನು ದುಡ್ಡು ಹಾಳು ಮಾಡ್ತಿದೀನಿ ಅಂತಾನಾ?’ ಅಂದ. ಅಲ್ಲಿಂದ ಶುರುವಾದ ಜಗಳ ಮುಗಿಯುವಷ್ಟರಲ್ಲಿ ಗಂಟೆ ಹತ್ತು. ನಿಯಮ ಮರೆತು ಜೈಸಲ್ಮೇರ್ ದಾರಿ ಹಿಡಿದೆವು. ಕಾರಿನೊಳಗೆ ಮಾತಿಲ್ಲ.

ಹನ್ನೆರಡೂವರೆಯ ಹೊತ್ತಿಗೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್‌ನಿಂದ ಹಬೆ. ರೇಡಿಯೇಟರ್‌ನ ರಬ್ಬರ್ ಪೈಪ್ ಸೀಳಿ ನೀರೆಲ್ಲ ಸೋರಿಹೋಗಿತ್ತು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ ಎಂಬುದು ಗೊತ್ತಿತ್ತು. ಮುಕ್ಕಾಲು ಗಂಟೆ ಕಾದೆವು. ಆಮೇಲೆ ಪೈಪಿಗೆ ಟೇಪ್ ಸುತ್ತಿ, ಕುಡಿಯಲು ಇಟ್ಟುಕೊಂಡಿದ್ದ ನೀರನ್ನೆಲ್ಲ ಅದಕ್ಕೆ ಸುರಿದೆವು. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೂ ಸೋರಿತು. ಮಾಡಿದ ತಪ್ಪು ಆಗ ಅರ್ಥವಾಯಿತು. ಕೈಯಲ್ಲಿ ಉಳಿದದ್ದು ಅರ್ಧ ಬಾಟಲಿ ನೀರು.

ಮೊದಲು ತಲೆನೋವು, ಆಮೇಲೆ ಕಾಲಿನ ಸ್ನಾಯು ಹಿಡಿದುಕೊಂಡಿತು. ವಾಂತಿಯೂ ಆಯಿತು. ಅವನು ನನ್ನನ್ನು ಹಿಡಿದುಕೊಂಡು ರಸ್ತೆಯಾಚೆಯ ಒಂದೇ ಒಂದು ಮರದ ಕೆಳಗೆ ಕೂರಿಸಿದ. ಅಷ್ಟರಲ್ಲಿ ಮೇಕೆಗಳನ್ನು ಅಟ್ಟಿಕೊಂಡು ಮುದುಕರೊಬ್ಬರು ಬಂದರು. ಏನಾಯಿತೆಂದು ಕೇಳಲಿಲ್ಲ. ಒದ್ದೆ ಬಟ್ಟೆ ಸುತ್ತಿದ್ದ ಕ್ಯಾನಿನಿಂದ ನೀರು ಕೊಟ್ಟರು. ಗಟಗಟ ಕುಡಿಯಹೋದವಳನ್ನು ತಡೆದು, ‘ಧೀರೇ, ಬೇಟಾ’ ಅಂದರು. ನಮ್ಮ ಚೀಲದಲ್ಲಿದ್ದ ಓಆರ್‌ಎಸ್ ಪೊಟ್ಟಣವನ್ನು ಅವನು ಅದೇ ನೀರಿಗೆ ಕಲಸಿದ. ತಮ್ಮ ಪೇಟದ ಬಟ್ಟೆ ಬಿಚ್ಚಿ ನೆನೆಸಿ ನನ್ನ ತಲೆಗೆ ಹಾಕಿದರು. ಒಂದು ಗಂಟೆಯ ನಂತರ ಕಣ್ಣು ನಿಚ್ಚಳವಾಯಿತು.

‘ಇದು ಯಾವ ಮರ?’ ಎಂದು ಕೇಳಿದೆ. ‘ಖೇಜ್ಡಿ’ ಎಂದರು ಅಜ್ಜ. ಇದರ ಎಲೆ ಮೇಕೆಗೆ, ಕಾಯಿ ಪಲ್ಯಕ್ಕೆ, ನೆರಳು ಎಲ್ಲರಿಗೆ ಎಂದು ಹಿಂದಿಯಲ್ಲಿ ವಿವರಿಸಿದರು. ಗಂಡ ಒಂದು ಕೊಂಬೆ ಬಗ್ಗಿಸಿ ಎಲೆ ನೋಡಿದವನೇ, ‘ಏ, ಇದು ನಮ್ಮ ಬನ್ನಿ ಮರ ಕಣೇ!’ ಅಂದ. ನಿಜ. ವಿಜಯದಶಮಿಗೆ ನಾವು ಪೂಜೆ ಮಾಡಿ, ಎಲೆ ಹಂಚಿಕೊಂಡು ‘ಬಂಗಾರದಂಗ ಇರೋಣ’ ಅನ್ನುವ ಬನ್ನಿಯೇ ರಾಜಸ್ಥಾನದ ರಾಜ್ಯ ವೃಕ್ಷ. ಬೆಳಿಗ್ಗೆಯಿಂದ ನಾವು ಆಡಿಕೊಂಡ ಮೊದಲ ಮಾತು ಅದು.

ಲಾರಿಯೊಂದು ನಮ್ಮ ಕಾರನ್ನು ಹಗ್ಗ ಕಟ್ಟಿ ಮುಂದಿನ ಊರಿಗೆ ಎಳೆದುಕೊಂಡು ಹೋಯಿತು. ಮೆಕ್ಯಾನಿಕ್ ಪೈಪ್ ಬದಲಿಸಿ 450 ರೂಪಾಯಿ ತೆಗೆದುಕೊಂಡ. ಲಾರಿ ಚಾಲಕ ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಮಾರನೇ ದಿನ ಪೂರ್ತಿ ವಿಶ್ರಾಂತಿ. ಸಂಜೆ ಮಾತ್ರ ಜೈಸಲ್ಮೇರ್‌ನಿಂದ 17 ಕಿಲೋಮೀಟರ್ ದೂರದ ಆಕಲ್ ಪಳೆಯುಳಿಕೆ ಉದ್ಯಾನಕ್ಕೆ ಹೋದೆವು. ಸುಮಾರು 18 ಕೋಟಿ ವರ್ಷ ಹಿಂದಿನ ಮರದ ಕಾಂಡಗಳು ಕಲ್ಲಾಗಿ ಬಿದ್ದಿವೆ. ಈ ಮರಳುಗಾಡು ಒಂದು ಕಾಲಕ್ಕೆ ದಟ್ಟ ಕಾಡಾಗಿತ್ತು!

ಅದರ ಮಾರನೇ ಬೆಳಗ್ಗೆ ಮರುಭೂಮಿ ರಾಷ್ಟ್ರೀಯ ಉದ್ಯಾನ. ಜೈಸಲ್ಮೇರ್, ಬಾಡ್ಮೇರ್ ಜಿಲ್ಲೆಗಳಲ್ಲಿ ಹರಡಿರುವ ಇದರ ವಿಸ್ತಾರ 3,162 ಚದರ ಕಿಲೋಮೀಟರ್. ಮರಳ ದಿಬ್ಬ ಇರುವುದು ಸ್ವಲ್ಪ ಭಾಗದಲ್ಲಿ ಮಾತ್ರ, ಹೆಚ್ಚಿನದು ಕಲ್ಲುನೆಲ ಮತ್ತು ಹುಲ್ಲು. ಸುದಾಸರಿ ಎಂಬಲ್ಲಿ ಗೈಡ್ ಜೊತೆ ಒಂದೂವರೆ ಗಂಟೆ ಕಾದ ಮೇಲೆ ದೂರದ ಹುಲ್ಲಿನಲ್ಲಿ ಕಂದು ರೆಕ್ಕೆ, ಬಿಳಿ ಕತ್ತು, ಕಪ್ಪು ಟೋಪಿಯ ಹಕ್ಕಿಯೊಂದು ನಿಧಾನವಾಗಿ ನಡೆದುಬಂತು. ನಿಂತರೆ ಸುಮಾರು ಒಂದು ಮೀಟರ್ ಎತ್ತರ. ‘ಗೋಡಾವಣ್’ ಎಂದು ಗೈಡ್ ಪಿಸುಗುಟ್ಟಿದ. ಗ್ರೇಟ್ ಇಂಡಿಯನ್ ಬಸ್ಟರ್ಡ್. ದೇಶದಲ್ಲಿ ಉಳಿದಿರುವುದು 150ಕ್ಕಿಂತ ಕಡಿಮೆ ಎಂಬ ಅಂದಾಜಿದೆ.

ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದನ್ನೂ ಬರಿ ನೆಲದ ಮೇಲೆ ಇಡುತ್ತದೆ. ಮೈಭಾರ ಹೆಚ್ಚು, ನೇರ ಮುಂದಿರುವುದನ್ನು ನೋಡುವ ದೃಷ್ಟಿ ಕಡಿಮೆ. ಹಾಗಾಗಿ ಹಾರುವಾಗ ವಿದ್ಯುತ್ ತಂತಿ ಎದುರಾದರೆ ತಪ್ಪಿಸಿಕೊಳ್ಳಲಾರದು. ಗಾಳಿ, ಸೌರ ವಿದ್ಯುತ್ ಯೋಜನೆಗಳ ತಂತಿಗಳ ವಿಚಾರ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ. ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಆದೇಶ ಬಂತು, 2024ರಲ್ಲಿ ಅದು ಮಾರ್ಪಾಡಾಯಿತು. ಸಮ್ ಎಂಬಲ್ಲಿ 2019ರಿಂದ ಮೊಟ್ಟೆಗಳಿಗೆ ಕೃತಕವಾಗಿ ಕಾವು ಕೊಟ್ಟು ಮರಿ ಮಾಡಿಸಿ ಸಾಕುತ್ತಿದ್ದಾರೆ.

ಎಲ್ಲಿಂದ ಬಂದಿರೆಂದು ಗೈಡ್ ಕೇಳಿದ. ಕರ್ನಾಟಕ ಎಂದೆವು. ‘ಅರೆ, ನಿಮ್ಮ ಬಳ್ಳಾರಿಯಲ್ಲೂ ಇದೆಯಲ್ಲ! ಸಿರುಗುಪ್ಪದಲ್ಲಿ!’ ಅಂದ. ನನ್ನ ಗಂಡ ಅವನ ಮುಖವನ್ನೇ ನೋಡುತ್ತ ನಿಂತ. ಹದಿನೆಂಟು ವರ್ಷ ಸಿರುಗುಪ್ಪದ ಮಣ್ಣಲ್ಲಿ ಬೆಳೆದವನಿಗೆ ಅದು ಗೊತ್ತಿರಲಿಲ್ಲ. ಆ ರಾತ್ರಿ ಅತ್ತೆಗೆ ಫೋನ್ ಮಾಡಿ ಹಕ್ಕಿಯ ರೂಪ ವಿವರಿಸಿದ. ‘ಎರ್ಲಡ್ಡೇನು? ನಿಮ್ಮ ತಾತ ಎರೆಹೊಲದಾಗ ನೋಡೀನಿ ಅಂತಿದ್ರಪ್ಪ. ನೀ ಎಂದ್ ಕೇಳಿದ್ದಿ?’ ಅಂದರು ಅತ್ತೆ.

ವಾಪಸ್ ಬರುವಾಗ ಜೋಧಪುರದ ಬಳಿಯ ಖೇಜಡ್ಲಿ ಹಳ್ಳಿಗೆ ಹೋದೆವು. 1730ರಲ್ಲಿ ಅರಮನೆಯವರು ಬನ್ನಿ ಮರ ಕಡಿಯಲು ಬಂದಾಗ ಅಮೃತಾದೇವಿಯೂ ಸೇರಿ 363 ಮಂದಿ ಬಿಷ್ಣೋಯಿಗಳು ಮರ ತಬ್ಬಿಕೊಂಡು ಪ್ರಾಣ ಕೊಟ್ಟ ಜಾಗ. ಒಂದು ಮಧ್ಯಾಹ್ನ ಆ ಮರದ ನೆರಳಲ್ಲಿ ಜೀವ ಉಳಿಸಿಕೊಂಡಿದ್ದವಳಿಗೆ ಅದು ಬರೀ ಇತಿಹಾಸ ಅನ್ನಿಸಲಿಲ್ಲ.

ಹುಬ್ಬಳ್ಳಿಯಲ್ಲಿ ಬೆಂಗಳೂರಿನ ದಾರಿ ಬಿಟ್ಟು ಗದಗ, ಕೊಪ್ಪಳದ ಮೇಲೆ ಸಿರುಗುಪ್ಪಕ್ಕೆ ತಿರುಗಿದೆವು. ಎರಡು ದಿನ ಬೆಳಗಾಗುವ ಮೊದಲೇ ಎರೆಹೊಲಗಳ ಬದುವಿನಲ್ಲಿ ಕೂತೆವು. ಎರ್ಲಡ್ಡು ಕಾಣಿಸಲಿಲ್ಲ. ಕಂಡದ್ದು ತುಂಗಭದ್ರಾ ಕಾಲುವೆಯ ನೀರು, ಅದು ಮುಟ್ಟಿದಲ್ಲೆಲ್ಲ ಭತ್ತದ ಗದ್ದೆ, ತಲೆಯ ಮೇಲೆ ವಿದ್ಯುತ್ ತಂತಿ. ಅತ್ತೆ ಮಾತ್ರ ಖುಷಿಯಾಗಿದ್ದರು. ಮಗ ಎರಡು ದಿನ ಪೂರ್ತಿ ಮನೆಯಲ್ಲಿದ್ದು ಎಷ್ಟೋ ವರ್ಷವಾಗಿತ್ತಂತೆ.

ಹದಿನೇಳು ದಿನ, ಸುಮಾರು ಐದು ಸಾವಿರ ಕಿಲೋಮೀಟರ್. ಪೆಟ್ರೋಲ್ 28 ಸಾವಿರ, ಟೋಲ್ 6 ಸಾವಿರ, ಉಳಿಯಲು 14 ಸಾವಿರ, ಊಟ 8 ಸಾವಿರ, ಉದ್ಯಾನ ಮತ್ತು ಜೀಪಿಗೆ 6 ಸಾವಿರ. ಒಟ್ಟು 62 ಸಾವಿರ ರೂಪಾಯಿ. ಕೆಲಸ ಹೋದವರೆಲ್ಲ ಕಾರು ಹತ್ತಿ ಎಂದು ನಾನು ಹೇಳುವುದಿಲ್ಲ. ನಮಗೆ ಸಾಲವಿರಲಿಲ್ಲ, ಮೂರು ತಿಂಗಳ ಬಾಡಿಗೆ ಎತ್ತಿಟ್ಟಿದ್ದೆವು. ಅದಿಲ್ಲದಿದ್ದರೆ ಹೋಗುತ್ತಿರಲಿಲ್ಲ. ಹೋಗುವವರಿಗೆ ಎರಡು ಮಾತು: ಬೇಸಿಗೆಯಲ್ಲಿ ಬೇಡ, ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಹೊರಡುವ ಮುನ್ನ ರೇಡಿಯೇಟರ್ ಪೈಪ್ ನೋಡಿಸಿ, ಕಾರಿನ ನೀರು ಬೇರೆ, ಕುಡಿಯುವ ನೀರು ಬೇರೆ ಇಟ್ಟುಕೊಳ್ಳಿ.

ಅವನಿಗೆ ಕೆಲಸ ಸಿಕ್ಕಿದ್ದು ಜುಲೈನಲ್ಲಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ನಡುವೆ ಇನ್ನೂ ಐದು ಕಡೆ ‘ಈ ಬಾರಿ ಸಾಧ್ಯವಿಲ್ಲ’ ಎಂದರು. ಅಂಥ ಇಮೇಲ್ ಬಂದ ದಿನ ನಾವು ಜಗಳವಾಡಲಿಲ್ಲ. ಸಂಜೆ ಕುಕ್ ಟೌನ್‌ನ ಮಿಲ್ಟನ್ ಪಾರ್ಕ್‌ನಲ್ಲಿ ಎರಡು ಸುತ್ತು ನಡೆದು, ಬಿಸಿಲು ಇಳಿದ ಮೇಲೆ ಮಾತಾಡುತ್ತಿದ್ದೆವು.