ನೀರನ್ನು ಅಳೆದು ಬಳಸಿದ ಜೈಸಲ್ಮೇರ್

ರಾಜಸ್ಥಾನದ ಪಶ್ಚಿಮದ ಅಂಚಿನಲ್ಲಿ ಥಾರ್ ಮರುಭೂಮಿಯ ನಡುವೆ ಇರುವ ಜೈಸಲ್ಮೇರ್ ನಗರವನ್ನು ಭಾಟಿ ರಜಪೂತ ವಂಶದ ದೊರೆ ರಾವಲ್ ಜೈಸಲ್ 1156ರಲ್ಲಿ ಸ್ಥಾಪಿಸಿದನು. ಬಯಲಿನಲ್ಲಿದ್ದ ಹಳೆಯ ರಾಜಧಾನಿ ಲೋದ್ರವಾಕ್ಕೆ ಸಾಕಷ್ಟು ರಕ್ಷಣೆ ಇಲ್ಲದಿದ್ದುದರಿಂದ ಅವನು ತ್ರಿಕೂಟವೆಂಬ ಗುಡ್ಡವನ್ನು ಆರಿಸಿಕೊಂಡನು. ಅದರ ಮೇಲೆ ಹಳದಿ ಮರಳುಗಲ್ಲಿನಲ್ಲಿ ಎದ್ದ ಕೋಟೆ ಸಂಜೆಯ ಬಿಸಿಲಿನಲ್ಲಿ ಹೊನ್ನಿನ ಬಣ್ಣ ತಾಳುವುದರಿಂದ 'ಸೋನಾರ್ ಕಿಲಾ' ಎಂದು ಹೆಸರಾಯಿತು. ಸತ್ಯಜಿತ್ ರಾಯ್ ಅವರ ಇದೇ ಹೆಸರಿನ 1974ರ ಚಲನಚಿತ್ರದಿಂದ ಅದು ಇನ್ನಷ್ಟು ದೂರ ಹರಡಿತು. 2013ರಲ್ಲಿ ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಡನೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕೋಟೆಯೊಳಗೆ ಇಂದಿಗೂ ಸಾವಿರಾರು ಜನ ವಾಸವಾಗಿದ್ದಾರೆ.

ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆಯೂ ಖಚಿತವಿಲ್ಲದ ನೆಲದಲ್ಲಿ ರಾಜ್ಯವೊಂದು ಬೇಸಾಯವನ್ನು ಮಾತ್ರ ನಂಬಿ ಬದುಕುವುದು ಕಷ್ಟ. ಸಿಂಧ್ ಮತ್ತು ಅದರಾಚೆಯ ನಾಡುಗಳೊಡನೆ ನಡೆಯುತ್ತಿದ್ದ ವ್ಯಾಪಾರದಲ್ಲಿ ಅಫೀಮು, ರೇಷ್ಮೆ, ಒಣಹಣ್ಣುಗಳನ್ನು ಸಾಗಿಸುತ್ತಿದ್ದ ಒಂಟೆಗಳ ಸಾಲುಗಳಿಂದ ಬಂದ ಸುಂಕವೂ ಆ ವ್ಯಾಪಾರದಲ್ಲಿ ತೊಡಗಿದ್ದ ಜೈನ ವರ್ತಕರ ಸಂಪತ್ತೂ ಈ ನಗರವನ್ನು ಕಟ್ಟಿದವು. ಕೋಟೆಯೊಳಗಿನ ಜೈನ ಬಸದಿಗಳು, ಅವುಗಳಿಗೆ ಸೇರಿದ ತಾಳೆಗರಿಯ ಗ್ರಂಥಭಂಡಾರ, ಗುಮಾನ್ ಚಂದ್ ಪಟ್ವಾ ಎಂಬ ವರ್ತಕ 19ನೇ ಶತಮಾನದ ಆರಂಭದಲ್ಲಿ ಕಟ್ಟಿಸಲು ತೊಡಗಿದ ಐದು ಹವೇಲಿಗಳು, ಎಂದರೆ ಒಳಾಂಗಣವುಳ್ಳ ಬಹುಮಹಡಿಯ ಮನೆಗಳು, ಎಲ್ಲವೂ ಈ ಹಣದ ಫಲ. ಹವೇಲಿಗಳ ಕಲ್ಲಿನ ಜಾಲಂಧ್ರಗಳು ಕೇವಲ ಅಲಂಕಾರವಲ್ಲ. ಅವು ಬಿಸಿಲನ್ನು ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುತ್ತವೆ. ಮುಂಬಯಿಯಂತಹ ಬಂದರುಗಳು ಬೆಳೆದು ವ್ಯಾಪಾರ ಸಮುದ್ರದ ಕಡೆಗೆ ತಿರುಗಿದಾಗ ನಗರ ಸೊರಗಿತು. 1947ರ ದೇಶವಿಭಜನೆಯಿಂದ ಸಿಂಧ್‌ನ ದಾರಿಯೂ ಮುಚ್ಚಿತು.

ಪ್ರವಾಸಿಗರು ಕೋಟೆಯನ್ನೂ ಹವೇಲಿಗಳನ್ನೂ ನೋಡಿ ಹಿಂತಿರುಗುತ್ತಾರಾದರೂ ಈ ಪ್ರದೇಶದ ಜನರ ನಿಜವಾದ ಜಾಣ್ಮೆ ಕಾಣುವುದು ನೀರಿನ ವ್ಯವಸ್ಥೆಯಲ್ಲಿ. 14ನೇ ಶತಮಾನದ ಗಡೀಸರ್ ಕೆರೆ ಮಳೆಯ ನೀರನ್ನೇ ಕೂಡಿಸಿಕೊಂಡು ನಗರಕ್ಕೆ ಕುಡಿಯುವ ನೀರು ಕೊಡುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಪಾಲಿವಾಲ ಬ್ರಾಹ್ಮಣರು 'ಖಡೀನ್' ಎಂಬ ಬೇಸಾಯ ಪದ್ಧತಿಯನ್ನು ಬೆಳೆಸಿದರು. ಕಲ್ಲುನೆಲದ ಇಳಿಜಾರಿನ ಕೆಳತುದಿಗೆ ಮಣ್ಣಿನ ಒಡ್ಡು ಹಾಕಿ, ಹರಿದು ಬಂದ ಮಳೆನೀರನ್ನು ನಿಲ್ಲಿಸಿ, ಅದು ನೆಲಕ್ಕೆ ಇಂಗಿದ ಮೇಲೆ ಅದೇ ತೇವದಲ್ಲಿ ಹಿಂಗಾರಿನ ಗೋಧಿ, ಕಡಲೆಗಳನ್ನು ಬಿತ್ತುವುದು ಇದರ ಕ್ರಮ; ನಿಂತ ನೀರು ಮಣ್ಣಿನ ಉಪ್ಪನ್ನೂ ಕೆಳಕ್ಕೆ ತೊಳೆಯುತ್ತದೆ. 19ನೇ ಶತಮಾನದಲ್ಲಿ ಪಾಲಿವಾಲರು ತೊರೆದುಹೋದ ಕುಲ್ಧರಾ ಗ್ರಾಮಕ್ಕೆ ಇಂದು ಜನ ದೆವ್ವದ ಕಥೆಯ ಆಸೆಗೆ ಬರುತ್ತಾರೆ. ಖಡೀನಿನ ಒಡ್ಡುಗಳನ್ನು ಕೇಳಿಕೊಂಡು ಬರುವವರು ವಿರಳ.

ಇನ್ನೂ ಸೂಕ್ಷ್ಮವಾದದ್ದು 'ಕುಈ' ಎಂಬ ಕಿರುಬಾವಿ. ಆಳದ ಅಂತರ್ಜಲ ಉಪ್ಪಾಗಿರುವ ಕೆಲವೆಡೆ ಮರಳಿನಡಿಯಲ್ಲಿ ಜಿಪ್ಸಮಿನ ಗಟ್ಟಿ ಪದರವೊಂದು ಹಾಸಿಕೊಂಡಿದ್ದು, ಮಳೆಯ ತೇವ ಉಪ್ಪುನೀರಿಗೆ ಬೆರೆಯದಂತೆ ಅದನ್ನು ಮೇಲೆಯೇ ತಡೆದಿಡುತ್ತದೆ. ಈ ತೇವವನ್ನು 'ರೇಜಾಣಿ' ನೀರೆನ್ನುತ್ತಾರೆ. ಅಲ್ಲಿ ಕಿರಿದಾದ ಬಾವಿಯನ್ನು ತೋಡಿದರೆ ತೇವ ಹನಿಹನಿಯಾಗಿ ಜಿನುಗಿ ತಳ ಸೇರುತ್ತದೆ. ಬಾವಿ ಅಗಲವಾಗಿದ್ದರೆ ಆ ಅಲ್ಪ ನೀರು ಹರಡಿಕೊಂಡು ಕೊಡಕ್ಕೆ ದಕ್ಕುವುದೇ ಇಲ್ಲ. ಕಲ್ಲು ಸಿಗದ ಊರುಗಳಲ್ಲಿ ಮರಳು ಕುಸಿಯದಂತೆ ಬಾವಿಯ ಒಳಗೋಡೆಗೆ ಹುಲ್ಲಿನ ಹಗ್ಗವನ್ನು ಸುತ್ತುತ್ತಿದ್ದರು. ದಿನಕ್ಕೆ ಎರಡು ಮೂರು ಕೊಡ ನೀರಿಗಾಗಿ ಇಷ್ಟೆಲ್ಲ ಶ್ರಮ.

ಅಡುಗೆಯೂ ಇದೇ ಲೆಕ್ಕಾಚಾರದಲ್ಲಿ ರೂಪುಗೊಂಡಿತು. ಹಸಿ ತರಕಾರಿ ಅಪರೂಪವಾದ್ದರಿಂದ ಮರುಭೂಮಿಯ ಗಿಡಮರಗಳು ಬೇಸಗೆಯಲ್ಲಿ ಕೊಡುವುದನ್ನು ಒಣಗಿಸಿ ವರ್ಷವಿಡೀ ಬಳಸುತ್ತಾರೆ. ಇವುಗಳಲ್ಲಿ ಪ್ರಸಿದ್ಧವಾದದ್ದು 'ಕೇರ್ ಸಾಂಗರಿ' ಪಲ್ಯ: ಕೇರ್ ಎಂಬುದು ಮುಳ್ಳುಪೊದೆಯೊಂದರ ಪುಟ್ಟ ಕಾಯಿ, ಸಾಂಗರಿ ಎಂಬುದು ಖೇಜಡಿ ಮರದ ಎಳೆಯ ಕೋಡು. ಈ ಖೇಜಡಿ ಕನ್ನಡಿಗರಿಗೆ ಅಪರಿಚಿತವಲ್ಲ. ವಿಜಯದಶಮಿಯಂದು ಪೂಜೆಗೊಳ್ಳುವ ಬನ್ನಿಮರವೇ ಅದು. ಕರ್ನಾಟಕದಲ್ಲಿ ಅದರ ಎಲೆ ಬಂಗಾರವಾಗಿ ಕೈಯಿಂದ ಕೈಗೆ ಹೋಗುತ್ತದೆ, ಅಲ್ಲಿ ಅದರ ಕಾಯಿ ತಟ್ಟೆಗೆ ಬರುತ್ತದೆ, ಎಲೆ ಒಂಟೆ, ಆಡುಗಳಿಗೆ ಮೇವಾಗುತ್ತದೆ. ಕೇರ್ ಕಹಿಯಾಗಿರುವುದರಿಂದ ಅದನ್ನು ಮಜ್ಜಿಗೆಯಲ್ಲಿ ಅಥವಾ ಉಪ್ಪುನೀರಿನಲ್ಲಿ ನೆನೆಹಾಕಿ, ಬೇಯಿಸಿ, ಎಣ್ಣೆ, ಒಣಮೆಣಸಿನಕಾಯಿ, ಆಮ್‌ಚೂರ್ ಎಂಬ ಒಣಮಾವಿನ ಪುಡಿ ಹಾಕಿ ಬಾಡಿಸಿದರೆ ಪಲ್ಯ ಹಲವು ದಿನ ಕೆಡದೆ ಉಳಿಯುತ್ತದೆ. ದೂರ ಹೊರಡುವವರಿಗೆ ಇದು ಒಳ್ಳೆಯ ಬುತ್ತಿ. ಕಡಲೆಹಿಟ್ಟನ್ನು ಕಲಸಿ, ಸುರುಳಿ ಮಾಡಿ, ಬೇಯಿಸಿ, ತುಂಡರಿಸಿ ಮೊಸರಿನ ಸಾರಿಗೆ ಹಾಕುವ 'ಗಟ್ಟೆ' ತರಕಾರಿಯಿಲ್ಲದ ದಿನದ ಉಪಾಯ. ಊಟದ ಆಧಾರ ಸಜ್ಜೆ ರೊಟ್ಟಿ; ಸಜ್ಜೆಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ ಕುದಿಸುವ 'ರಾಬ್' ಉತ್ತರ ಕರ್ನಾಟಕದ ಅಂಬಲಿಗೆ ಹತ್ತಿರದ ನೆಂಟ. ಹೋಟೆಲುಗಳು ಮೊದಲು ಮುಂದಿಡುವ, ಬೇಳೆ, ಸುಟ್ಟ ಗೋಧಿ ಉಂಡೆ, ಸಿಹಿ ಪುಡಿಗಳ 'ದಾಲ್ ಬಾಟಿ ಚೂರ್ಮಾ' ರುಚಿಯಾದದ್ದೇ, ಆದರೆ ಈ ನೆಲದ ಸ್ವಭಾವ ತಿಳಿಯಬೇಕಾದರೆ ಕೇರ್ ಸಾಂಗರಿಯನ್ನೇ ತಿನ್ನಬೇಕು.

ಸಂಗೀತದಲ್ಲಿ ಈ ಪ್ರದೇಶದ ಹೆಸರನ್ನು ಹೊತ್ತವರು ಮಾಂಗಣಿಯಾರರು. ಧರ್ಮದಿಂದ ಮುಸ್ಲಿಮರಾದ ಈ ಗಾಯಕರು ತಲೆತಲಾಂತರದಿಂದ ತಮ್ಮ ರಜಪೂತ ಆಶ್ರಯದಾತರ ಮನೆಗಳ ಜನನ, ಮದುವೆಗಳಲ್ಲಿ ಹಾಡುತ್ತ ಬಂದಿದ್ದಾರೆ. ಚರ್ಮ ಹೊದಿಸಿದ ದುಂಡು ಬುರುಡೆಯ, ಕಮಾನಿನಿಂದ ನುಡಿಸುವ ಅವರ ವಾದ್ಯ 'ಕಮಾಯ್ಚಾ'; ಅದನ್ನು ನುಡಿಸುವುದರಲ್ಲಿ ಹೆಸರಾದ ಹಮೀರಾ ಗ್ರಾಮದ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು.

ಕೊಡಗಳ ಲೆಕ್ಕದಲ್ಲಿ ನೀರು ಬಳಸುತ್ತಿದ್ದ ಕಾಲಕ್ಕೆ ಹೊಂದುವಂತೆ ಕಟ್ಟಿದ ಕೋಟೆಗೆ ನಲ್ಲಿಯ ನೀರು ಬಂದದ್ದು ಒಳಗಿನವರಿಗೆ ವರವಾಯಿತು, ಗೋಡೆಗಳಿಗೆ ಕಂಟಕವಾಯಿತು. ಮನೆಗಳ ಜೊತೆಗೆ ವಸತಿಗೃಹಗಳೂ ಹೆಚ್ಚಿ, ಸೋರುವ ಕೊಳವೆ, ಚರಂಡಿಗಳಿಂದ ನೀರು ಗುಡ್ಡದ ಮೆದುವಾದ ಪದರಗಳಿಗೆ ಇಳಿದು, ಕೆಲವು ಕೊತ್ತಲಗಳು ಕುಸಿದವು. 1996ರಲ್ಲಿ ವಿಶ್ವ ಸ್ಮಾರಕ ನಿಧಿ ಈ ಕೋಟೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ನಿವಾಸಿಗಳನ್ನು ಹೊರಗೆ ಕಳುಹಿಸುವುದು ಇದಕ್ಕೆ ಸುಲಭದ ಪರಿಹಾರವಾಗಿ ಕಂಡರೂ, ಜನವಸತಿಯೇ ಈ ಕೋಟೆಯ ವೈಶಿಷ್ಟ್ಯವಾಗಿರುವಾಗ ಸರಿಪಡಿಸಬೇಕಾದದ್ದು ಮೊದಲು ಚರಂಡಿಗಳನ್ನು, ನಿಯಂತ್ರಿಸಬೇಕಾದದ್ದು ವಸತಿಗೃಹಗಳ ನೀರಿನ ಬಳಕೆಯನ್ನು.