ನೆರೆಮನೆಯ ಸ್ನೇಹ, ನಮ್ಮ ಮನೆಯ ವಿಶ್ವಾಸ

ಚನ್ನಗಿರಿಯ ಅಡಿಕೆ ತೋಟಗಳ ನಡುವೆ, ಹೊನ್ನಾಳಿಯ ತುಂಗಭದ್ರೆಯ ದಡದಲ್ಲಿ, ನ್ಯಾಮತಿಯ ಪೇಟೆಯಲ್ಲಿ, ಬರಕ್ಕೆ ಹೆಸರಾದ ಜಗಳೂರಿನಲ್ಲಿ ಕಥೋಲಿಕ ಕುಟುಂಬಗಳು ವಿರಳ. ಎಡಮನೆ ಲಿಂಗಾಯತರದು, ಬಲಮನೆ ಮುಸಲ್ಮಾನರದು, ಎದುರುಮನೆಯಲ್ಲಿ ದೇವರನ್ನೇ ನಂಬದ ನಿವೃತ್ತ ಮೇಷ್ಟ್ರು. ಇವರೆಲ್ಲರೊಡನೆ ಸ್ನೇಹದಿಂದ ಬಾಳುತ್ತಲೇ ನಮ್ಮ ವಿಶ್ವಾಸದಲ್ಲಿ ದೃಢವಾಗಿರುವುದು ಹೇಗೆ?

ಗಣೇಶನ ಹಬ್ಬ ಬಂದಾಗಲೆಲ್ಲ ತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆ ಒಂದಿದೆ. ನೆರೆಮನೆಯವರು ಮಗುವಿನ ಕೈಗೆ ಕಡುಬು ಕೊಡುತ್ತಾರೆ. ತಿನ್ನಬಹುದೇ? ಬೇಡವೆಂದರೆ ಅವರ ಮನಸ್ಸು ನೋಯುತ್ತದೆ. ತಿಂದರೆ ನಮ್ಮ ಮನಸ್ಸು ಚುಚ್ಚುತ್ತದೆ.

ಈ ಪ್ರಶ್ನೆ ಹೊಸದೇನಲ್ಲ. ಕೊರಿಂಥದ ಕ್ರೈಸ್ತರೂ ಸಂತ ಪೌಲರನ್ನು ಇದನ್ನೇ ಕೇಳಿದ್ದರು. ಅವರಿಗೆ ಬರೆದ ಮೊದಲ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಪೌಲರು ಉತ್ತರಿಸುತ್ತಾರೆ: ವಿಶ್ವಾಸಿಯಲ್ಲದವನು ಊಟಕ್ಕೆ ಕರೆದರೆ ಹೋಗಬಹುದು, ಬಡಿಸಿದ್ದನ್ನು ಸಂಶಯಪಡದೆ ಉಣ್ಣಬಹುದು, ಆದರೆ ಅದು ನೈವೇದ್ಯವೆಂದು ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಡಬೇಕು. ಇಲ್ಲಿ ಸ್ನೇಹದ ಬಾಗಿಲೂ ಇದೆ, ವಿಶ್ವಾಸದ ಹೊಸ್ತಿಲೂ ಇದೆ. ಪ್ರೀತಿಯಿಂದ ಕೊಟ್ಟ ಊಟ ಒಂದು, ಪೂಜೆಯಲ್ಲಿ ಪಾಲುಗೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಕೈಮುಗಿದು ವಿನಯದಿಂದ 'ನಮ್ಮಲ್ಲಿ ಈ ಪದ್ಧತಿ ಇಲ್ಲ' ಎಂದರೆ ನಮ್ಮ ಊರುಗಳಲ್ಲಿ ಬೇಸರಪಡುವವರು ಕಡಿಮೆ. ಇಷ್ಟಲಿಂಗ ಪೂಜೆಯಿಲ್ಲದೆ ಉಣ್ಣದ ಹಿರಿಯರಿಗೆ, ರಂಜಾನಿನಲ್ಲಿ ಹನಿ ನೀರೂ ಮುಟ್ಟದ ನೆರೆಯವರಿಗೆ ನೇಮವೆಂದರೇನೆಂದು ನಾವು ಹೇಳಿಕೊಡಬೇಕಾಗಿಲ್ಲ.

ನಂಬದವರ ವಿಷಯ ಇದಕ್ಕಿಂತ ಕಠಿಣ. ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಬಹಳ ಹಿಂದೆ, ಗುರುಮಠದ ತತ್ತ್ವಶಾಸ್ತ್ರ ಇನ್ನೂ ಬಿಸಿಯಾಗಿದ್ದ ದಿನಗಳಲ್ಲಿ, ಮೇಷ್ಟ್ರೊಬ್ಬರು ನಮ್ಮೊಡನೆ ವಾದಕ್ಕಿಳಿದರು. ಚಿಕ್ಕ ವಯಸ್ಸಿನ ಪತ್ನಿಯನ್ನು ಕಳೆದುಕೊಂಡವರು. ದೇವರಿದ್ದರೆ ಇದೇಕೆ ಎಂಬುದು ಅವರ ಪ್ರಶ್ನೆ. ನಾವು ಸಂತ ಥಾಮಸ್ ಅಕ್ವೀನಾಸರ ಐದು ಪ್ರಮಾಣಗಳನ್ನು ಒಂದರ ಮೇಲೊಂದು ಪೇರಿಸಿದೆವು. ವಾದ ಗೆದ್ದೆವು, ಮೇಷ್ಟ್ರು ಬರುವುದನ್ನು ನಿಲ್ಲಿಸಿದರು.

ಕೆಲವು ತಿಂಗಳ ಬಳಿಕ ಧರ್ಮಕೇಂದ್ರದ ಬಡ ಕೂಲಿಯೊಬ್ಬರು ಮಳೆಗಾಲದಲ್ಲಿ ತೀರಿಕೊಂಡರು. ಗುಂಡಿ ತೋಡಲು ಜನ ಸಾಲದಾದಾಗ ಗುದ್ದಲಿ ಹಿಡಿದು ಬಂದವರು ಅದೇ ಮೇಷ್ಟ್ರು. ನಾವು ಪ್ರಾರ್ಥಿಸುವಾಗ ಟೋಪಿ ತೆಗೆದು ದೂರ ನಿಂತರು.

ಅಂದು ರಾತ್ರಿ ಅಕ್ವೀನಾಸರ ಗ್ರಂಥವನ್ನು ಮತ್ತೆ ತೆರೆದೆವು. ಐದು ಪ್ರಮಾಣಗಳಿಗೂ ಮುನ್ನ ಆ ಸಂತರು ದೇವರಿಲ್ಲ ಎನ್ನುವವರ ಎರಡು ಆಕ್ಷೇಪಗಳನ್ನು ಪ್ರಾಮಾಣಿಕವಾಗಿ ಬರೆದಿಡುತ್ತಾರೆ. ಅವುಗಳಲ್ಲಿ ಮೊದಲನೆಯದೇ ಲೋಕದಲ್ಲಿನ ಕೇಡು, ಅಂದರೆ ಮೇಷ್ಟ್ರ ಪ್ರಶ್ನೆ. ನಾವು ಐದು ಉತ್ತರಗಳನ್ನು ಕಲಿತಿದ್ದೆವು, ಮೊದಲು ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕೆಂಬುದನ್ನು ಮರೆತಿದ್ದೆವು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿದ ಮಾತೂ ನೆನಪಾಯಿತು: ನಾಸ್ತಿಕತೆ ಹುಟ್ಟುವುದರಲ್ಲಿ ವಿಶ್ವಾಸಿಗಳ ಪಾಲೂ ಇರಬಹುದು, ನಮ್ಮ ನಡತೆಯೇ ದೇವರ ಮುಖವನ್ನು ಮರೆಮಾಡಬಹುದು.

ಹಾಗೆಂದು ಸ್ನೇಹಕ್ಕಾಗಿ ಶಿಲುಬೆಯನ್ನು ಬಚ್ಚಿಡಬೇಕೆ? ಖಂಡಿತ ಇಲ್ಲ. ಬೇರು ಸಡಿಲವಾದ ಮರ ಯಾರಿಗೂ ನೆರಳಾಗದು. ಭಾನುವಾರದ ಬಲಿಪೂಜೆ, ಸಂಜೆಯ ಜಪಸರ, ಮಕ್ಕಳ ಧರ್ಮೋಪದೇಶ ತಪ್ಪಿದ ಮನೆಯ ವಿಶ್ವಾಸ ಸ್ನೇಹಿತರಿಂದ ಕೆಡುವುದಿಲ್ಲ. ಅದು ಮೊದಲೇ ಒಣಗಿರುತ್ತದೆ. ಹಾಗೆಯೇ ಸ್ನೇಹವನ್ನು ಗಾಳವಾಗಿಯೂ ಬಳಸಬಾರದು. ಯೇಸುಸ್ವಾಮಿ ಸಮಾರ್ಯದ ಸ್ತ್ರೀಯೊಡನೆ ಮಾತು ಆರಂಭಿಸಿದ್ದು ಉಪದೇಶದಿಂದಲ್ಲ, ಕುಡಿಯಲು ನೀರು ಕೇಳಿ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಎಲ್ಲ ಮತದವರೂ ಬರುತ್ತಾರೆ. ಅಲ್ಲಿ ಯಾರನ್ನೂ ಯಾರೆಂದು ಕೇಳುವುದಿಲ್ಲ. ನಮ್ಮ ಮನೆಯ ಬಾಗಿಲೂ ಹಾಗಿರಲಿ.

ಮರುದಿನ ನಾವು ಮೇಷ್ಟ್ರ ಮನೆಗೆ ಹೋದೆವು. ವಾದಿಸಲಿಲ್ಲ, ಅವರ ಪತ್ನಿಯ ಹೆಸರನ್ನು ಕೇಳಿದೆವು. ಅವರು ಬಹಳ ಹೊತ್ತು ಮಾತನಾಡಿದರು. ಕೊನೆಯವರೆಗೂ ಅವರು ದೇವರನ್ನು ನಂಬಲಿಲ್ಲ, ನಮ್ಮ ಸ್ನೇಹವೂ ಮುರಿಯಲಿಲ್ಲ. ಆ ತಾಯಿಯ ಹೆಸರು ಇಂದಿಗೂ ನಮ್ಮ ಬಲಿಪೂಜೆಯ ಮೌನ ಪ್ರಾರ್ಥನೆಯಲ್ಲಿದೆ. ಈಗ ಅದರ ಪಕ್ಕದಲ್ಲೇ ಮೇಷ್ಟ್ರ ಹೆಸರೂ ಇದೆ.